ಮ್ಯೂನಿಕ್‌ಗೆ ಡೆಪ್ಯುಟೇಶನ್, ಮೊದಲ ವಾರ ಏನೇನ್ ಮಾಡ್ಕೋಬೇಕು? ಹೋಗಿರೋರು ಅನುಭವ ಹೇಳಿ

ಹೊರಟಿರುವವ:
ಎಲ್ರಿಗೂ ನಮಸ್ಕಾರ. ಮುಂದಿನ ತಿಂಗಳು ಮ್ಯೂನಿಕ್‌ಗೆ ಹೊರಟಿದೀನಿ, ಒಂದೂವರೆ ವರ್ಷದ ಅಸೈನ್‌ಮೆಂಟ್, ಐಸಿಟಿ ಕಾರ್ಡ್ ಮೇಲೆ (ಒಂದೇ ಕಂಪನಿ ಒಳಗೆ ಬೇರೆ ದೇಶಕ್ಕೆ ಕಳಿಸೋರಿಗೆ ಕೊಡೋ ಪರ್ಮಿಟ್). ಒಂದು ತಿಂಗಳು ಕಂಪನಿಯೋರೇ ಸರ್ವಿಸ್ ಅಪಾರ್ಟ್‌ಮೆಂಟ್ ಕೊಡ್ತಾರೆ, ಆಮೇಲೆ ನಮ್ದು ನಾವು ನೋಡ್ಕೋಬೇಕು. ಮನೆಯವಳು ಆಮೇಲೆ ಬರ್ತಾಳೆ. ನಂದು ಎರಡೇ ಪ್ರಶ್ನೆ. ಸರ್ವಿಸ್ ಅಪಾರ್ಟ್‌ಮೆಂಟ್ ಅಡ್ರೆಸ್ ಮೇಲೆ ಆನ್‌ಮೆಲ್ಡುಂಗ್ (ಅಲ್ಲಿನ ಸರ್ಕಾರಿ ಆಫೀಸಲ್ಲಿ ವಿಳಾಸ ನೋಂದಣಿ) ಮಾಡಿಸ್ಬೋದಾ ಅಥವಾ ಬಾಡಿಗೆ ಮನೆ ಸಿಗೋವರೆಗೂ ಕಾಯ್ಬೇಕಾ? ಮೊದಲ ವಾರ ಇದಕ್ಕೆಲ್ಲ ಆಫೀಸಲ್ಲಿ ರಜೆ ಕೇಳ್ಬೇಕಾ?

ಇಸಾರ್ ದಂಡೆ:
ಮನೆ ವಿಷ್ಯ ಮಾತ್ರ ಎತ್ಬೇಡಿ ಸರ್, ಹೊಟ್ಟೆ ಉರಿಯುತ್ತೆ. ನಮ್ದು ಕೋಲ್ಡ್ ರೆಂಟ್, ಅಂದ್ರೆ ಬರೀ ಮನೆ ಬಾಡಿಗೆ, 1,380 ಯೂರೋ, ಹೀಟಿಂಗು ನೀರು ಕಸ ಎಲ್ಲ ಸೇರಿ 1,640. ಡೆಪಾಸಿಟ್ ಮೂರು ತಿಂಗಳ ಕೋಲ್ಡ್ ರೆಂಟು, ಅಂದ್ರೆ 4,140. ಮೂರು ಕಂತಲ್ಲಿ ಕೊಡೋ ಹಕ್ಕು ಬಾಡಿಗೆದಾರನಿಗೆ ಕಾನೂನಲ್ಲೇ ಇದೆ, ಅದನ್ನ ಬಾಯ್ಬಿಟ್ಟು ಕೇಳಿದ್ದಕ್ಕೆ ಓನರ್ ಮುಖ ನೋಡ್ಬೇಕಿತ್ತು, ನಾನೇನೋ ಸಾಲ ಕೇಳ್ದಂಗೆ. ಒಟ್ಟಿಗೇ ಕೊಟ್ಟೆ, ಹಿಂದೆ ಕ್ಯೂ ನಿಂತಿದ್ರಲ್ಲ ಇನ್ನೂ ಜನ. ಅದೂ ಬಿಡಿ, ಕೀ ತಗೊಂಡು ಒಳಗೆ ಹೋದ್ರೆ ಅಡುಗೆಮನೇಲಿ ಗೋಡೆಯಿಂದ ಎರಡು ಪೈಪು ಹೊರಗೆ ಬಂದಿವೆ ಅಷ್ಟೇ, ಸಿಂಕ್ ಕೂಡ ಇಲ್ಲ, ಹಾಲ್‌ನಲ್ಲಿ ಸೀಲಿಂಗಿಂದ ವೈರ್ ನೇತಾಡ್ತಿದೆ, ತುದೀಲಿ ಹೋಲ್ಡರೂ ಇಲ್ಲ. ಹಳೇ ಬಾಡಿಗೆಯವನು ತನ್ನ ಕಿಚನ್‌ಗೆ 2,600 ಕೇಳಿದ್ದ, ಹಳೇ ಮರಕ್ಕೆ ಅಷ್ಟ್ಯಾಕೆ ಅಂದೆ, ಮಹಾನುಭಾವ ಒಂದೊಂದೂ ಸ್ಕ್ರೂ ಬಿಚ್ಕೊಂಡು ಹೋಗಿದಾನೆ. ಹೊಸದು 3,900 ಆಯ್ತು ಫಿಟ್ಟಿಂಗ್ ಸೇರಿ, ಡೆಲಿವರಿ ಆಗೋವರೆಗೂ ಒಂದು ಇಂಡಕ್ಷನ್ ಒಲೆ ನೆಲದ ಮೇಲಿಟ್ಕೊಂಡು ಅನ್ನ ಮಾಡಿ ಬಾತ್‌ಟಬ್‌ನಲ್ಲಿ ಪಾತ್ರೆ ತೊಳೆದಿದೀವಿ. ಫರ್ನಿಶ್ಡ್ ಮನೆ ಹಿಡೀರಿ ಅಂತ ಯಾರಾದ್ರೂ ಹೇಳಿದ್ರೆ ಅದರ ಬಾಡಿಗೆ ಕೇಳಿ ಆಮೇಲೆ ಮಾತಾಡಿ.

ಬ್ಲೂ ಕಾರ್ಡ್ ಗುರು:
ಗುರು, ಮೊದಲ ವಾರ ಅಲ್ಲ, ಮೊದಲ ಸೈನ್ ಹಾಕೋಕೆ ಮುಂಚೆನೇ ಯೋಚನೆ ಮಾಡ್ಬೇಕಿತ್ತು. ಡೆಪ್ಯುಟೇಶನ್ ಅಂದ್ರೆ ಕಂಪನಿ ಕಟ್ಟಿದ ಗೂಟದ ಸುತ್ತ ಮೇಯೋದು. ನಾನೂ ಹಂಗೇ ಬಂದೆ, ವರ್ಷ ತುಂಬೋ ಮುಂಚೆ ಲೋಕಲ್ ಆಫರ್ ಹುಡುಕಿ ಬ್ಲೂ ಕಾರ್ಡ್ (ಇಲ್ಲಿನ ಕಂಪನಿಗೇ ಕೆಲಸ ಮಾಡೋರಿಗೆ ಸಿಗೋ ಪರ್ಮಿಟ್) ಮಾಡಿಸ್ಕೊಂಡೆ. ಬ್ಲೂ ಕಾರ್ಡಲ್ಲಿ 27 ತಿಂಗಳಿಗೆ ಪಿಆರ್, ಅಂದ್ರೆ ಖಾಯಂ ಇರೋ ಪರ್ಮಿಟ್, ಜರ್ಮನ್ ಭಾಷೆ ಬಿ1 ಪರೀಕ್ಷೆ ಪಾಸಾಗಿದ್ರೆ 21 ತಿಂಗಳು. ಹೆಂಡತಿಗೆ ಭಾಷೆ ಸರ್ಟಿಫಿಕೇಟ್ ಕೇಳಲ್ಲ, ಬಂದು ಕೆಲಸಾನೂ ಮಾಡ್ಬೋದು. ನಮ್ಮ ಹಳೇ ಮ್ಯಾನೇಜರ್ ಇನ್ನೂ ಮಾತಾಡ್ಸಲ್ಲ ನನ್ನ, ಆಗ್ಲಿ ಬಿಡಿ.

ಇಸಾರ್ ದಂಡೆ:
ಅವರು ಕೇಳಿದ್ದು ಆನ್‌ಮೆಲ್ಡುಂಗ್, ನೀವು ಪಿಆರ್ ಪುರಾಣ ತೆಗೆದ್ರಿ. ಡೆಪ್ಯುಟೇಶನ್‌ನವರೆಲ್ಲ ದಡ್ಡರು ಅನ್ಕೋಬೇಡಿ. ನಂಗೆ ಪಿಎಫ್ ಊರಲ್ಲೇ ಕಟ್ತಾರೆ, ಹಂಗೆ ಊರಲ್ಲೇ ಕಟ್ತಿದಾರೆ ಅನ್ನೋದಕ್ಕೆ ಸರ್ಟಿಫಿಕೇಟ್ ಆಫ್ ಕವರೇಜ್ ಇದೆ, ಇಲ್ಲಿನ ಪೆನ್ಶನ್‌ಗೆ ಸಂಬಳದಲ್ಲಿ 9.3% ಹಿಡಿಯಲ್ಲ. ನಿಮ್ಗೆ ಹಿಡೀತಾರಾ ಇಲ್ವಾ ಅದನ್ನ ಹೇಳಿ.

ಬ್ಲೂ ಕಾರ್ಡ್ ಗುರು:
ಹಿಡೀತಾರೆ, ಹಿಡೀಲಿ. ನನ್ನ ಸಂಬಳ ಎಷ್ಟು ಅಂತ ಕೇಳಿ ಆಮೇಲೆ ಪರ್ಸೆಂಟೇಜ್ ಹೇಳಿ.

ಧಾರವಾಡ ಫೇಡೆ:
ಏ ನೀವಿಬ್ರು ಆಮ್ಯಾಲೆ ಬಡದಾಡ್ರಿ. ಹೊಸಾದಾಗಿ ಹೊಂಟವ್ರೇ, ನನ್ನ ಮಾತ್ ಕೇಳ್ರಿ, ಕೀಲಿ ಕೈಗೆ ಬಂದ ತಕ್ಷಣ ಪೋಸ್ಟ್ ಡಬ್ಬಿ ಮ್ಯಾಲೆ ಹೆಸರು ಹಚ್ಚ್ರಿ. ಇಲ್ಲಿ ಫ್ಲ್ಯಾಟ್ ನಂಬರ್ ಬರೆಯೂದಿಲ್ರೀ, ಮಂದಿ ಹೆಸರಿನ ಮ್ಯಾಲೆ ಪತ್ರ ಹಾಕ್ತಾರ. ನಮ್ಮ ಪಾಸ್‌ಪೋರ್ಟ್‌ನ್ಯಾಗ ಸರ್‌ನೇಮ್ ಕಾಲಂ ಖಾಲಿ, ಹೆಸರು ಅಪ್ಪನ ಹೆಸರು ಊರು ಎಲ್ಲಾ ಒಂದ ಸಾಲಿನ್ಯಾಗ. ಅಪಾರ್ಟ್‌ಮೆಂಟ್‌ನವ್ರು ಡಬ್ಬಿ ಮ್ಯಾಲೆ ತಮ್ಮ ಕಂಪನಿ ಚೀಟಿ ಹಚ್ಚಿದ್ರು, ನನ್ನ ಹೆಸರು ಹಚ್ಚ್ರಿ ಅಂತ ಹೇಳಿ ಹೇಳಿ ಬಾಯಿ ಒಣಗಿತು. ಟ್ಯಾಕ್ಸ್ ಐಡಿ ಪತ್ರ ಬಂದು ವಾಪಸ್ ಹೋತು. ಬ್ಯಾಂಕ್ ಕಾರ್ಡ್ ಒಂದು ಲಕೋಟೆ, ಅದರ ಪಿನ್ ಇನ್ನೊಂದು ಲಕೋಟೆ, ಎರಡೂ ವಾಪಸ್. ಟ್ಯಾಕ್ಸ್ ಐಡಿ ಇಲ್ಲ ಅಂತ ಪೇರೋಲ್‌ನವ್ರು ಎಲ್ಲಾಕ್ಕಿಂತ ಜಾಸ್ತಿ ಟ್ಯಾಕ್ಸ್ ಹಿಡಿಯೂ 6ನೇ ಟ್ಯಾಕ್ಸ್ ಕ್ಲಾಸಿನ್ಯಾಗ ಹಾಕಿದ್ರು, ಪಗಾರ ಅರ್ಧಕ್ಕ ಅರ್ಧ ಕೊಯ್ದ್ರು ನೋಡ್ರಿ. ಆಮ್ಯಾಲೆ ತಿರುಗಿ ಬಂತು ಖರೆ, ಆದ್ರ ಡೆಪಾಸಿಟ್ ಕಟ್ಟೂ ಹೊತ್ತಿನ್ಯಾಗ ಕೈಯಾಗ ರೊಕ್ಕ ಇಲ್ಲ ಅಂದ್ರ ಹೆಂಗಾಗ್ತದ? ಇನ್ನ ತುಪ್ಪದ ಡಬ್ಬಿ ತರಬ್ಯಾಡ್ರಿ, ಕಸ್ಟಮ್ಸ್‌ನ್ಯಾಗ ಕಸಗೊಂಡ್ರು, ಅವ್ವ ಕಾಸಿದ್ದು.

ಕೊಡಿಯಾಲ್ಚಿ:
ತುಪ್ಪ ಮಾತ್ರ ಅಲ್ಲ, ಹಾಲಿನದ್ದು ಮಾಂಸದ್ದು ಯಾವುದೂ ಯುರೋಪಿನ ಹೊರಗಿನಿಂದ ಲಗೇಜಲ್ಲಿ ತರ್ಲಿಕ್ಕಿಲ್ಲ. ಪೇಡೆಯೂ ಹಾಲಿನದ್ದೇ ಮಾರಾಯ್ರೇ, ನಿಮ್ಮ ಹೆಸರೇ ತಡೆದು ನಿಲ್ಲಿಸುವಂಥದ್ದು.

ಸುಮ್ನೆ ಓದೋನು:
ಆನ್‌ಮೆಲ್ಡುಂಗ್ ಫಾರ್ಮಲ್ಲಿ ಧರ್ಮ ಅಂತ ಒಂದು ಕಾಲಂ ಇರುತ್ತೆ, ಯಾರೂ ಏನೂ ಬರೀಬೇಡಿ, ಚರ್ಚ್ ಟ್ಯಾಕ್ಸ್ ಹಾಕ್ತಾರೆ. ಬರ್ದೋರೆಲ್ಲ ಬಕ್ರಾಗಳು.

ಕೊಡಿಯಾಲ್ಚಿ:
ಬಕ್ರಾ ಅಂತ ಯಾರಿಗೆ ಹೇಳುದು ನೀವು? ನಾವು ಕ್ಯಾಥೊಲಿಕ್, ಇದ್ದದ್ದು ಇದ್ದ ಹಾಗೆ ಬರ್ದಿದ್ದೇವೆ. ಬವೇರಿಯಾದಲ್ಲಿ ಇನ್‌ಕಮ್ ಟ್ಯಾಕ್ಸಿನ 8%, ಸಂಬಳದ 8% ಅಲ್ಲ, ಟ್ಯಾಕ್ಸಿನ ಮೇಲೆ. ಉಳಿದ ಹೆಚ್ಚಿನ ರಾಜ್ಯಗಳಲ್ಲಿ 9. ನನ್ನ ಸ್ಲಿಪ್ಪಿನಲ್ಲಿ ತಿಂಗಳಿಗೆ 60 ಯೂರೋ ಚಿಲ್ಲರೆ ಹೋಗ್ತದೆ, ಗಂಡನಿಗೆ ಹೊಟ್ಟೆನೋವು, ನನಗಿಲ್ಲ. ಮಗುವಿನ ಬ್ಯಾಪ್ಟಿಸಮ್‌ಗೆ ಯಾರಲ್ಲಿ ಹೋಗಿ ನಿಲ್ಲುದು ಹಾಗಾದ್ರೆ? ಹಿಂದೂಗಳಿಗೆ ಮುಸ್ಲಿಮರಿಗೆ ಈ ಟ್ಯಾಕ್ಸೇ ಇಲ್ಲ, ನಿಮಗೆ ಎಂತ ಕಷ್ಟ?

ಸುಮ್ನೆ ಓದೋನು:
ಮೇಡಂ ನಿಮ್ಗೆ ಅಂದಿದ್ದಲ್ಲ.

ಕೊಡಿಯಾಲ್ಚಿ:
ಬರ್ದೋರೆಲ್ಲ ಅಂತ ಉಂಟು ಮೇಲೆ. ನಾನು ಬರ್ದವಳು.

ಹೊರಟಿರುವವ:
ಎಲ್ರಿಗೂ ಥ್ಯಾಂಕ್ಸ್. ಆದ್ರೆ ಸರ್ವಿಸ್ ಅಪಾರ್ಟ್‌ಮೆಂಟ್ ಅಡ್ರೆಸ್ ನಡೆಯುತ್ತಾ ಇಲ್ವಾ ಅಂತ ಇನ್ನೂ ಗೊತ್ತಾಗ್ಲಿಲ್ಲ...

ಶನಿವಾರ ಇಳಿದವಳು:
ನಡೆಯುತ್ತೆ, ಆದ್ರೆ ಅಪಾರ್ಟ್‌ಮೆಂಟ್‌ನವರು ಸೈನ್ ಮಾಡಿದ ಓನರ್ ಫಾರ್ಮ್ ಬೇಕು, ವೋನುಂಗ್ಸ್‌ಗೇಬರ್ ಪತ್ರ. ಬಾಡಿಗೆ ಅಗ್ರಿಮೆಂಟ್ ಅದಕ್ಕೆ ಬದಲಾಗಲ್ಲ. ವಿಮಾನ ಹತ್ತೋ ಮುಂಚೆ ಅವರಿಂದ ಇಮೇಲಲ್ಲಿ ಬರೆಸ್ಕೊಳ್ಳಿ, ಇಲ್ಲಿಗೆ ಬಂದ್ಮೇಲೆ ನಾವು ಕೊಡಲ್ಲ ಅಂತಾರೆ ಕೆಲವರು. ಮನೆ ಸೇರಿದ 14 ದಿನದೊಳಗೆ ಮಾಡಿಸ್ಬೇಕು, ಅಪಾಯಿಂಟ್‌ಮೆಂಟ್ ಊರಲ್ಲಿ ಕೂತೇ ಬುಕ್ ಮಾಡಿ. ಆ ಒಂದು ಕಾಗದದಿಂದಲೇ ಟ್ಯಾಕ್ಸ್ ಐಡಿ, ಅದರಿಂದಲೇ ಪೇರೋಲು, ಬ್ಯಾಂಕಿನವರೂ ಬಹಳಷ್ಟು ಕಡೆ ಅದನ್ನೇ ಕೇಳ್ತಾರೆ. ಆಮೇಲೆ ಮನೆ ಬದಲಾಯ್ಸಿದ್ರೆ ಮತ್ತೆ ಹೋಗಿ ಹೊಸ ಅಡ್ರೆಸ್ ಬರೆಸೋದು, ಅಷ್ಟೇ. ರಜೆ ಅರ್ಧ ದಿನ ಸಾಕು. ಇನ್ನೊಂದು, ಶನಿವಾರ ರಾತ್ರಿ ಇಳಿಯೋ ಟಿಕೆಟ್ ಮಾತ್ರ ಬೇಡ. ಟ್ರಾವೆಲ್ ಡೆಸ್ಕ್‌ನವರು 90 ಯೂರೋ ಉಳೀತು ಅಂತ ನಂಗೆ ಅದನ್ನೇ ಹಾಕಿದ್ರು. ಭಾನುವಾರ ಅಂಗಡಿ ಎಲ್ಲ ಬಂದ್, ಹಾಲಿಲ್ಲ ಅಕ್ಕಿ ಇಲ್ಲ, ದೊಡ್ಡ ರೈಲ್ವೆ ಸ್ಟೇಷನ್ ಒಳಗಿರೋವು ಮಾತ್ರ ತೆಗ್ದಿರುತ್ತೆ ಅಂತ ಸಂಜೆ ಯಾರೋ ಹೇಳಿದ್ರು. ಅಲ್ಲೀವರೆಗೂ ಚಟ್ನಿಪುಡಿ ನೆಕ್ಕೊಂಡು ಕೂತಿದ್ದೆ, ಆ 90 ಯೂರೋ ಅವರಿಗೇ ಇರ್ಲಿ.

ಇಸಾರ್ ದಂಡೆ:
ಆನ್‌ಮೆಲ್ಡುಂಗ್ ಆದ್ಮೇಲೆ ಟಿವಿ ರೇಡಿಯೋ ಫೀ ಪತ್ರನೂ ಹುಡುಕ್ಕೊಂಡು ಬರುತ್ತೆ, ತಿಂಗಳಿಗೆ 18.36, ಮೂರು ತಿಂಗಳದ್ದು ಸೇರ್ಸಿ 55.08. ಟಿವಿ ಇಲ್ಲ ಅಂದ್ರೂ ಬಿಡಲ್ಲ, ಮನೆಗೊಂದು ಲೆಕ್ಕ. ಶೇರಿಂಗಲ್ಲಿದ್ರೆ ಒಬ್ಬ ಕಟ್ಟಿದ್ರೆ ಆಯ್ತು.

ಬ್ಲೂ ಕಾರ್ಡ್ ಗುರು:
ಡಾಯ್ಚ್‌ಲ್ಯಾಂಡ್ ಟಿಕೆಟ್ ತಗೊಳ್ಳಿ ಮೊದಲ ದಿನಾನೇ, ತಿಂಗಳ ಪಾಸು, 49 ಯೂರೋಗೆ ದೇಶ ಪೂರ್ತಿ.

ಶನಿವಾರ ಇಳಿದವಳು:
ಯಾವ ಕಾಲದಲ್ಲಿದೀರಾ ಗುರುಗಳೇ, 49 ಆಗಿ 58 ಆಗಿ ಈಗ 63. ದೇಶ ಪೂರ್ತಿ ಅಂದ್ರೆ ಬಸ್ಸು ಟ್ರಾಮು ಮೆಟ್ರೋ ಲೋಕಲ್ ರೈಲು, ಐಸಿಇ ಅನ್ನೋ ದೂರದ ಫಾಸ್ಟ್ ರೈಲು ಹತ್ತಿದ್ರೆ ಇಳಿಸ್ತಾರೆ. ಅದು ಚಂದಾ ಥರ, ತಾನಾಗೇ ಮುಂದುವರಿಯುತ್ತೆ, ನಿಲ್ಲಿಸ್ಬೇಕಂದ್ರೆ ಆ ತಿಂಗಳ 10ನೇ ತಾರೀಕಿನೊಳಗೆ ಹೇಳ್ಬೇಕು. ಟಿಕೆಟ್ ಇಲ್ದೆ ಸಿಕ್ಕಿಬಿದ್ರೆ 60 ಯೂರೋ ದಂಡ. ಹಳೇ ರೇಟ್ ಹೇಳಿ ಹೊಸಬರ ದಾರಿ ತಪ್ಪಿಸ್ಬೇಡಿ.

ಬ್ಲೂ ಕಾರ್ಡ್ ಗುರು:
ನಾನು ಕಾರಲ್ಲಿ ಓಡಾಡೋನು, ನಂಗ್ಯಾಕೆ ಟ್ರಾಮ್ ರೇಟು.

ಇಸಾರ್ ದಂಡೆ:
ಇಂಡಿಯಾ ಲೈಸೆನ್ಸ್ ಇಲ್ಲಿ 6 ತಿಂಗಳು ಮಾತ್ರ ನಡೆಯೋದು, ಆಮೇಲೆ ಥಿಯರಿ ಪ್ರಾಕ್ಟಿಕಲ್ ಎರಡೂ ಪಾಸ್ ಮಾಡ್ಬೇಕು. ಪಾಸ್ ಮಾಡಿದೀರಾ ಸ್ವಾಮಿ?

ಬ್ಲೂ ಕಾರ್ಡ್ ಗುರು:
ಅದು ನಿಮ್ಗೆ ಬೇಡದ ವಿಷ್ಯ.

ಧಾರವಾಡ ಫೇಡೆ:
ಹಂಗಾರ ಇನ್ನೂ ಪಾಸಾಗಿಲ್ಲ ಅಂತ ಆತು. ಇರ್ಲಿ ಬಿಡ್ರಿ. ತುಪ್ಪ ಇಲ್ಲದ ಯಾರೂ ಸಾಯೂದಿಲ್ಲ, ಇಲ್ಲೇ ಉಪ್ಪಿಲ್ಲದ ಬೆಣ್ಣಿ 250 ಗ್ರಾಮಿನ ಪ್ಯಾಕೆಟ್ ಸಿಗ್ತಾವ, ನಾಕು ತಂದು ಕಾಸ್ರಿ.

ಕೊಡಿಯಾಲ್ಚಿ:
ಕಾಯಿಸುವಾಗ ಕಿಟಕಿ ತೆಗೆದಿಡಿ. ನಮ್ಮ ಕಾರಿಡಾರಿನಲ್ಲಿ ಸ್ಮೋಕ್ ಅಲಾರ್ಮ್ ಬೊಬ್ಬೆ ಹಾಕಿ ಕೆಳಗಿನ ಮನೆಯ ಅಜ್ಜಿ ಮೇಲೆ ಬಂದಿದ್ರು. ರಾತ್ರಿ 10ರ ನಂತರ ಅಂತೂ ಬೇಡವೇ ಬೇಡ.

ಸುಮ್ನೆ ಓದೋನು:
ಅಲಾರ್ಮ್ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಬಿಡಿ, ಸಿಂಪಲ್.

ಕೊಡಿಯಾಲ್ಚಿ:
ನೀವು ಸುಮ್ಮನೆ ಓದಿ.