ಊಟದ ಮನೆಯ ಚೀಟಿ ಮತ್ತು ಎನ್‌ಸಿಎಲ್‌ಟಿ (ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ) ಅರ್ಜಿ: ಸಹಿ ಹಾಕುವವರು ಇಲ್ಲಿ ತಿಳಿಸಿ

ಎ-104: ನಮ್ಮ ನಿವೃತ್ತರ ವಸತಿ ಸಂಕೀರ್ಣದ ಊಟದ ಮನೆಯ ಬಾಗಿಲಿಗೆ ಅಂಟಿಸಿದ ಚೀಟಿಯನ್ನು ಎಲ್ಲರೂ ನೋಡಿರಬಹುದು: ‘ನಾಳೆಯಿಂದ ರಾತ್ರಿ ಊಟ ಇರುವುದಿಲ್ಲ.’ ಸಹಿಯಿಲ್ಲ, ಮೊಹರಿಲ್ಲ. ಅಡುಗೆ ಗುತ್ತಿಗೆದಾರರಿಗೆ ಬಿಲ್ಡರ್ ಕಂಪನಿ ಹಣ ಕೊಟ್ಟಿಲ್ಲವಂತೆ. ಬಿ-ಬ್ಲಾಕಿನ ಲಿಫ್ಟ್ ನಿಂತಿದೆ, ರಾತ್ರಿ ಪಾಳಿಯ ನರ್ಸ್ ಕೆಲಸ ಬಿಟ್ಟಿದ್ದಾರೆ. ನಿರ್ವಹಣಾ ಶುಲ್ಕದ ಬಿಲ್ ಮಾತ್ರ ಒಂದನೇ ತಾರೀಕಿಗೆ ತಪ್ಪದೆ ಬರುತ್ತಿದೆ.

ಬಿ-210: ಹಿರಿಯ ನಾಗರಿಕರ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿಗೆ ದೂರು ಕೊಟ್ಟರೆ ಹೇಗೆ?

ಎ-017: ರಾಯರೇ, ಅದು ಜೀವನಾಂಶ ಕೊಡದ ಮಕ್ಕಳು, ಬಂಧುಗಳ ವಿರುದ್ಧ ಹೂಡುವುದು. ಬಿಲ್ಡರ್ ನಮ್ಮ ಹೊಟ್ಟೆಯಲ್ಲಿ ಹುಟ್ಟಿದವನಲ್ಲ, ಪುಣ್ಯಕ್ಕೆ.

ಸಿ-305: ಸಿಡ್ನಿಯಿಂದ ಮಗಳು ಹೇಳುತ್ತಿದ್ದಳು, ಅಲ್ಲಿ ನಿವೃತ್ತರ ವಸತಿಗ್ರಾಮಗಳಿಗೆಂದೇ 1999ರ ಕಾಯ್ದೆಯಿದೆ, ಆಡಳಿತ ಕೆಟ್ಟರೆ ಆಡಳಿತಾಧಿಕಾರಿಯನ್ನು ನೇಮಿಸಲು ಅದರಲ್ಲೇ ಅವಕಾಶವಿದೆ ಎಂದು. ನಮ್ಮಲ್ಲಿ ಅಂಥದ್ದು ಇಲ್ಲವೇ?

ಎ-017: ಕೇಂದ್ರ ಸರ್ಕಾರ 2019ರಲ್ಲಿ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಮಾರ್ಗಸೂಚಿ ಹಿಡಿದುಕೊಂಡು ಹೋದರೆ ಯಾರನ್ನೂ ಕುರ್ಚಿಯಿಂದ ಇಳಿಸಲಾಗದು. ನಮಗೆ ಸಿಗುವ ಬಾಗಿಲು ದಿವಾಳಿ ಸಂಹಿತೆ. ಎನ್‌ಸಿಎಲ್‌ಟಿ ಬೆಂಗಳೂರು ಪೀಠ ಅರ್ಜಿ ಅಂಗೀಕರಿಸಿದರೆ ಆಡಳಿತ ಮಂಡಳಿಯ ಅಧಿಕಾರ ಅಮಾನತಾಗುತ್ತದೆ, ಮಧ್ಯಂತರ ಪರಿಹಾರ ವೃತ್ತಿಪರರು (ದಿವಾಳಿ ಪ್ರಕ್ರಿಯೆ ನಡೆಸಲು ಪೀಠ ನೇಮಿಸುವ ಅಧಿಕಾರಿ) ಕಂಪನಿಯನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಮನೆ ಖರೀದಿದಾರರೂ ಹಣಕಾಸು ಸಾಲಿಗರೇ, ಅಂದರೆ ಬ್ಯಾಂಕಿನಂತೆ ಕಂಪನಿಗೆ ಸಾಲ ಕೊಟ್ಟವರೇ ಎಂಬ 2018ರ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ ಮರುವರ್ಷ ಎತ್ತಿಹಿಡಿಯಿತು. ಆದರೆ ಒಬ್ಬರೇ ಹೋಗುವಂತಿಲ್ಲ. ಒಂದೇ ಯೋಜನೆಯ 100 ಖರೀದಿದಾರರು ಅಥವಾ ಶೇ 10ರಷ್ಟು ಜನ, ಯಾವುದು ಕಡಿಮೆಯೋ ಅಷ್ಟು ಮಂದಿ ಜೊತೆಯಾಗಬೇಕು. ಬಾಕಿ ಕನಿಷ್ಠ 1 ಕೋಟಿ ರೂಪಾಯಿ ಇರಬೇಕು. ನಮ್ಮ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಲ್ಲಿ 180 ಮನೆಗಳಿವೆ. ಅಂದರೆ 18 ಸಹಿ. ಮನೆ ಕೈಗೆ ಸಿಗದ ಸಿ-ಬ್ಲಾಕಿನವರು ಮುಂದೆ ನಿಂತರೆ ಅರ್ಜಿಗೆ ಬಲ.

ಸಿ-112: ನನ್ನ ಕೈಯಲ್ಲಿ ರೇರಾ ಆದೇಶವೇ ಇದೆ, ಬಡ್ಡಿ ಸಮೇತ ಹಣ ವಾಪಸು. ವಸೂಲಿ ಈಗ ತಹಶೀಲ್ದಾರರ ಕಚೇರಿ ತಲುಪಿದೆ. ನೀವು ಎನ್‌ಸಿಎಲ್‌ಟಿಗೆ ಹೋದರೆ ಅದೂ ನಿಲ್ಲುತ್ತದೆ. ನಿಮ್ಮ ಹದಿನೆಂಟರಲ್ಲಿ ನನ್ನನ್ನು ಸೇರಿಸಬೇಡಿ.

ಎ-017: ನಿಮ್ಮ ಆತಂಕ ಸರಿಯಾದದ್ದೇ ಮೇಡಂ. ಅರ್ಜಿ ಅಂಗೀಕಾರವಾದ ದಿನದಿಂದ ವಸೂಲಿಗೆಲ್ಲ ತಡೆ ಬೀಳುತ್ತದೆ. ಆದೇಶ ಮಾತ್ರ ವ್ಯರ್ಥವಾಗುವುದಿಲ್ಲ: ರೇರಾ ಆದೇಶ ಪಡೆದವರನ್ನು ಉಳಿದ ಖರೀದಿದಾರರಿಗಿಂತ ಕೆಳಗೆ ಇಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ.

ಸಿ-112: ತಹಶೀಲ್ದಾರರು ಜಪ್ತಿ ಮಾಡುವಷ್ಟರಲ್ಲಿ ಕಂಪನಿಯಲ್ಲಿ ಕುರ್ಚಿ ಮೇಜುಗಳಾದರೂ ಉಳಿಯಬೇಕಲ್ಲ. ಯೋಚಿಸುತ್ತೇನೆ.

ಬಿ-008: ನೋಯ್ಡಾದ ಬಿಲ್ಡರ್ ಆಮ್ರಪಾಲಿ ಪ್ರಕರಣದಲ್ಲಿ ಕೋರ್ಟೇ ರಿಸೀವರ್ (ಆಸ್ತಿ ನೋಡಿಕೊಳ್ಳುವವರು) ನೇಮಿಸಿ ಸರ್ಕಾರಿ ನಿರ್ಮಾಣ ಸಂಸ್ಥೆ ಎನ್‌ಬಿಸಿಸಿಯಿಂದ ಮನೆ ಕಟ್ಟಿಸಿತಲ್ಲ, ಹಾಗೆಯೇ ಕೇಳೋಣ.

ಎ-017: ಅಲ್ಲಿ 40 ಸಾವಿರಕ್ಕೂ ಹೆಚ್ಚು ಖರೀದಿದಾರರಿದ್ದರು, ಸುಪ್ರೀಂ ಕೋರ್ಟ್ ತಾನೇ ಕೈಹಾಕಿತು. 180 ಮನೆಯವರ ಕೂಗು ದೆಹಲಿಗೆ ಕೇಳಿಸದು.

ಬಿ-210: ಅಧಿಕಾರಿ ಬಂದ ಮಾತ್ರಕ್ಕೆ ರಾತ್ರಿ ಊಟ ಬರುತ್ತದೆಯೇ? ನನ್ನಾಕೆಗೆ ಸಕ್ಕರೆ ಕಾಯಿಲೆ, ಎಂಟು ಗಂಟೆ ದಾಟುವಂತಿಲ್ಲ.

ಎ-017: ಬರುವುದಿಲ್ಲ. ನೀರು, ವಿದ್ಯುತ್ ಕಡಿಯದಂತೆ ರಕ್ಷಣೆಯಿದೆ. ಅಡುಗೆಯವರ ಸಂಬಳ ಕಂಪನಿಯ ಖಾತೆಯಲ್ಲಿ ಏನು ಉಳಿದಿದೆಯೋ ಅದನ್ನು ಅವಲಂಬಿಸಿದೆ. ಪ್ರಕ್ರಿಯೆ ಮುಗಿಯಲು ಕಾನೂನಿನಲ್ಲಿ 330 ದಿನಗಳ ಮಿತಿಯಿದ್ದರೂ ಅದು ದಾಟಿದ ಪ್ರಕರಣಗಳೇ ಹೆಚ್ಚು. ಅಡುಗೆಮನೆಯನ್ನು ನಾವೇ ನಡೆಸಬೇಕು.

ಎ-104: ಅಡುಗೆ ಭಟ್ಟರೊಡನೆ ಮಾತನಾಡಿದ್ದೇನೆ. ವಾರದ ಹಣ ಮುಂಗಡ ಕೊಟ್ಟರೆ ನಾಳೆ ರಾತ್ರಿಯಿಂದಲೇ ಅನ್ನ, ಸಾರು, ಚಪಾತಿ ಮಾಡಿಕೊಡುತ್ತಾರೆ. ಲೆಕ್ಕ ನಾನು ಬರೆಯುತ್ತೇನೆ. ಅರ್ಜಿಗೆ ಈವರೆಗೆ 11 ಹೆಸರು ಬಂದಿವೆ. ಮಾರಾಟ ಕರಾರು, ಹಣ ಕಟ್ಟಿದ ರಸೀದಿ, ಬ್ಯಾಂಕ್ ವಿವರ, ಇವುಗಳ ಜೆರಾಕ್ಸ್ ಪ್ರತಿಯೊಂದಿಗೆ ಭಾನುವಾರ ನಾಲ್ಕಕ್ಕೆ ನೆಲಮಹಡಿಯ ವಾಚನಾಲಯಕ್ಕೆ ಬನ್ನಿ. ಕ್ರಯಪತ್ರವಿಲ್ಲದೆ ಬರೀ ಠೇವಣಿ ಇಟ್ಟವರು ಒಪ್ಪಂದದ ಎಲ್ಲಾ ಪುಟಗಳನ್ನೂ ತನ್ನಿ. ಅದನ್ನು ಓದದೆ ಏನೂ ಹೇಳಲಾಗದು ಎಂದಿದ್ದಾರೆ ವಕೀಲರು.

ಸಿ-305: ಮೂಲ ರಸೀದಿಗಳು ಮಗಳ ಬಳಿ ಇವೆ. ಫೋಟೊ ಸಾಕೇ?

ಎ-104: ಸದ್ಯಕ್ಕೆ ಸಾಕು. ಮೂಲಪ್ರತಿಗಳನ್ನು ಕೊರಿಯರ್ ಮಾಡಲು ಹೇಳಿ. ಸಹಿ ಮಾತ್ರ ನೀವೇ ಬಂದು ಹಾಕಬೇಕು.

ಸಿ-112: ನನ್ನ ಹೆಸರನ್ನೂ ಬರೆದುಕೊಳ್ಳಿ. ಊಟದ ಪಟ್ಟಿಗೆ ಮಾತ್ರ. ಅರ್ಜಿಯ ವಿಷಯ ಭಾನುವಾರ ವಕೀಲರನ್ನೇ ಕೇಳುತ್ತೇನೆ.