ಸಹಾಯ ಬೇಕು: ಗಣಿ ಮಣ್ಣಿನ ಕಡಿದಾದ ದಿಬ್ಬದಲ್ಲಿ ಹಸಿರು ಹಿಡಿಸುವುದು ಹೇಗೆ?

ನಮಸ್ಕಾರ. ಸಂಡೂರು ತಾಲ್ಲೂಕಿನ ನಮ್ಮ ಹೊಲಗಳ ಮೇಲ್ಭಾಗದಲ್ಲಿ ಕಬ್ಬಿಣದ ಅದಿರು ಗಣಿಯ ಹಳೆಯ ಮಣ್ಣುದಿಬ್ಬವಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ನೀಡಿದಾಗ ಲಾರಿಗಳು ನಿಂತವು, ಮಣ್ಣು ನಿಲ್ಲಲಿಲ್ಲ. ಪ್ರತಿ ಮಳೆಗೂ ಕೊರಕಲು ಬಿದ್ದು ಕೆಂಪು ಕೆಸರು ಹಳ್ಳಕ್ಕೆ, ಅಲ್ಲಿಂದ ಜೋಳದ ಹೊಲಕ್ಕೆ ಇಳಿಯುತ್ತದೆ.

ಬುಡಕ್ಕೆ ಕಲ್ಲಿನ ತಡೆಗೋಡೆ, ಕೊರಕಲಿಗೆ ಅಡ್ಡಕಟ್ಟೆ ಹಾಕಲು ಒಪ್ಪಿಗೆ ಸಿಕ್ಕಿದೆ. ತೊಡಕಿರುವುದು ಇಳಿಜಾರಿನಲ್ಲಿ: ಮೇಲ್ಮಣ್ಣಿಲ್ಲ, ಬಿತ್ತಿದ ಬೀಜ ಮೊದಲ ಮಳೆಗೇ ಕೊಚ್ಚಿಹೋಗುತ್ತದೆ. ತೆಂಗಿನ ನಾರಿನ ಜಾಲರಿ ಹಾಸಿ, ಇಳಿಜಾರಿಗೆ ಅಡ್ಡಸಾಲಾಗಿ ಲಾವಂಚ ನೆಟ್ಟ ಅನುಭವ ಯಾರಿಗಾದರೂ ಇದೆಯೇ? ಜಾಲರಿ ಜಾರದಂತೆ ಗೂಟ ಎಷ್ಟು ಆಳಕ್ಕೆ ಹೊಡೆಯಬೇಕು? ಲಾವಂಚದ ಸಸಿ ಹತ್ತಿರದಲ್ಲಿ ಎಲ್ಲಿ ಸಿಗುತ್ತದೆ?

ನಡುವೆ ಬಂದರಿಕೆ, ಹೊಂಗೆ, ಸೀತಾಫಲ ಹಾಕುವ ಯೋಚನೆಯಿದೆ. ಬಳ್ಳಾರಿ ಜಾಲಿಯನ್ನು ಮಾತ್ರ ದಯವಿಟ್ಟು ಸೂಚಿಸಬೇಡಿ, ಅದು ಕರೆಯದೆಯೇ ಬರುತ್ತದೆ. ಮುಂಗಾರಿಗೆ ಮೊದಲೇ ಉತ್ತರ ಸಿಕ್ಕರೆ ಉಪಕಾರವಾಗುತ್ತದೆ.