ಹಡಗಿನ ಎಡಬದಿಗೂ ಬಂದರಿಗೂ ‘ಪೋರ್ಟ್’ ಎಂಬ ಒಂದೇ ಹೆಸರು ಹೇಗೆ ಬಂತು?

ಸುರತ್ಕಲ್‌ನ ಶಿಕ್ಷಕಿ:
ನನ್ನ ಎಂಟನೆಯ ತರಗತಿಯ ಮಕ್ಕಳಲ್ಲಿ ಹೆಚ್ಚಿನವರು ಕಡಲನ್ನು ನಂಬಿದ ಮನೆಗಳವರು. ಪಣಂಬೂರಿನ ಬಂದರನ್ನು ‘ಪೋರ್ಟ್’ ಎನ್ನುವುದು ಅವರಿಗೆ ರೂಢಿ. ಮೊನ್ನೆ ಪಾಠದಲ್ಲಿ ಹಡಗಿನ ಎಡಬದಿಯೂ ಪೋರ್ಟ್ ಎಂದು ಬಂತು. “ಮೊಬೈಲಿಗೆ ಚಾರ್ಜರ್ ಸಿಕ್ಕಿಸುವ ತೂತಿಗೂ ಪೋರ್ಟ್ ಎನ್ನುತ್ತಾರಲ್ಲ ಟೀಚರ್?” ಎಂದು ಹುಡುಗನೊಬ್ಬ ಎದ್ದು ನಿಂತ. ಬಾಯಿಪಾಠ ಮಾಡಿ ಎಂದು ಕೂರಿಸಲು ಮನಸ್ಸಾಗಲಿಲ್ಲ. ಇವಕ್ಕೆಲ್ಲ ಮೂಲ ಒಂದೇ ಇದೆಯೇ?

ಮಲ್ಪೆಯ ನಿವೃತ್ತ ನಾವಿಕ:
ಟೀಚರ್, ಆ ಹುಡುಗನಿಗೆ ನನ್ನದೊಂದು ಶಾಬಾಸ್ ಹೇಳಿ. ಎಡಬದಿಯ ಕತೆ ನನಗೆ ಬಲು ಇಷ್ಟ. ಹಿಂದೆ ಉತ್ತರ ಯುರೋಪಿನ ಹಡಗುಗಳಿಗೆ ಹಿಂಭಾಗದ ನಡುವೆ ಚುಕ್ಕಾಣಿ ಇರಲಿಲ್ಲ. ಬಲಬದಿಗೆ ಕಟ್ಟಿದ ದೊಡ್ಡ ಹುಟ್ಟಿನಿಂದ ದಿಕ್ಕು ತಿರುಗಿಸುತ್ತಿದ್ದರು. ಬಲಬದಿಯ ಹೆಸರು ‘ಸ್ಟಾರ್‌ಬೋರ್ಡ್’. ಅದರಲ್ಲಿರುವುದು ನಕ್ಷತ್ರವಲ್ಲ, ದಿಕ್ಕು ತಿರುಗಿಸುವ ಬದಿ ಎಂಬ ಹಳೆಯ ಇಂಗ್ಲಿಷ್. ಆ ಹುಟ್ಟು ದಕ್ಕೆಯ ಗೋಡೆಗೆ ಬಡಿದು ಮುರಿಯಬಾರದಲ್ಲ? ಹಾಗಾಗಿ ಎಡಬದಿಯನ್ನೇ ದಕ್ಕೆಗೆ ತಾಗಿಸಿ ನಿಲ್ಲಿಸುತ್ತಿದ್ದರು. ಬಂದರಿನತ್ತ ಇರುವ ಬದಿ ಪೋರ್ಟ್ ಆಯಿತು.

ಅದಕ್ಕೆ ‘ಲಾರ್‌ಬೋರ್ಡ್’ ಎಂಬ ಇನ್ನೊಂದು ಹೆಸರಿತ್ತು. ಗಾಳಿಮಳೆಯಲ್ಲಿ ಕೂಗಿದರೆ ಎರಡು ಬದಿಯ ಹೆಸರೂ ಒಂದೇ ಎಂಬಂತೆ ಕೇಳಿಸುತ್ತದೆ, ತಪ್ಪು ಕಡೆಗೆ ತಿರುಗಿಸಿದರೆ ಜೀವಕ್ಕೇ ಸಂಚಕಾರ. 1844ರಲ್ಲಿ ಬ್ರಿಟಿಷ್ ನೌಕಾಪಡೆ ಪೋರ್ಟ್ ಎಂದೇ ಹೇಳಬೇಕೆಂದು ಆಜ್ಞೆ ಮಾಡಿತು.

ಮಕ್ಕಳನ್ನು ಸಂಜೆ ಹೊತ್ತು ನಮ್ಮ ಬಂದರಿಗೆ ಕರೆತನ್ನಿ. ಬೋಟಿನ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. ರಾತ್ರಿ ನಮ್ಮ ಬಲಗಡೆಯಿಂದ ಕೆಂಪು ದೀಪ ಅಡ್ಡ ಬರುತ್ತಿದ್ದರೆ ದಾರಿ ಬಿಡಬೇಕಾದವರು ನಾವು. ಪೋರ್ಟ್ ಯಾವುದು ಎಂಬುದನ್ನು ಅವರು ಮತ್ತೆಂದೂ ಮರೆಯಲಾರರು.

ಮಂಗಳೂರಿನ ಇಂಗ್ಲಿಷ್ ಉಪನ್ಯಾಸಕ:
ಮೊಬೈಲಿನದು ಬೇರೆ ಕವಲು. ಲ್ಯಾಟಿನ್‌ನಲ್ಲಿ ‘ಪೋರ್ಟುಸ್’ ಎಂದರೆ ಬಂದರು, ‘ಪೋರ್ಟ’ ಎಂದರೆ ಬಾಗಿಲು. ವಿದ್ಯುತ್ತು, ಮಾಹಿತಿ ಒಳಹೊರಗೆ ಓಡಾಡುವ ಚಾರ್ಜರಿನ ತೂತು ಬಾಗಿಲಿನ ಕಡೆಯದು. ಹಡಗಿನ ದುಂಡು ಕಿಟಕಿ ‘ಪೋರ್ಟ್‌ಹೋಲ್’ ಕೂಡ ಅದೇ. ಇನ್ನೂ ಹಿಂದೆ ಹೋದರೆ ಎರಡಕ್ಕೂ ದಾಟುವುದು ಎಂಬರ್ಥದ ಒಂದೇ ಧಾತು. ಹುಡುಗ ಸಂಬಂಧ ಊಹಿಸಿದ್ದು ಸರಿಯಾಗಿಯೇ ಇದೆ.

ಸುರತ್ಕಲ್‌ನ ಶಿಕ್ಷಕಿ:
ಇಬ್ಬರಿಗೂ ವಂದನೆಗಳು. ಹಾಗಾದರೆ ಪೋರ್ಚುಗೀಸರ ಹೆಸರಿನಲ್ಲಿರುವ ‘ಪೋರ್ಚ್’?

ಮಂಗಳೂರಿನ ಇಂಗ್ಲಿಷ್ ಉಪನ್ಯಾಸಕ:
ಅದೂ ಬಂದರೇ. ಡೋರೋ ನದಿ ಸಮುದ್ರ ಸೇರುವಲ್ಲಿ ‘ಪೋರ್ಟುಸ್ ಕಾಲೆ’ ಎಂಬ ರೋಮನ್ ಕಾಲದ ಬಂದರಿತ್ತು. ದೇಶದ ಹೆಸರು ಅದರಿಂದ ಬಂತು. ಅಲ್ಲಿನ ಪೋರ್ಟೊ ನಗರದಿಂದ ‘ಪೋರ್ಟ್’ ಎಂಬ ದ್ರಾಕ್ಷಾರಸದ ಹೆಸರು. ಉಳ್ಳಾಲದ ಅಬ್ಬಕ್ಕ ರಾಣಿಯ ಪಾಠ ಮಾಡುವಾಗ ಇದನ್ನೂ ಸೇರಿಸಿ ಹೇಳಬಹುದು.